ಈಗ ಯಾರ ಪಾಳಿ?

ಮೊನ್ನೆ ನಮ್ಮ ಓಣಿಗೆ ನೀರು ಬಂದದ್ದು ಆರನೇ ದಿನಕ್ಕೆ, ಅದೂ ರಾತ್ರಿ ಎರಡೂವರೆಗೆ. ಕಲಬುರಗಿಯ ಮೇ ತಿಂಗಳು ಕಂಡವರಿಗೆ ಇದೇನು ಸುದ್ದಿಯಲ್ಲ. ನಳ ಮೊದಲು ಸುಂಯ್ ಅಂತ ಗಾಳಿ ಬಿಡುತ್ತದೆ, ಆಮೇಲೆ ಎರಡು ಸಲ ಕೆಮ್ಮುತ್ತದೆ, ಆಮೇಲೆ ಕೆಂಪು ನೀರು, ಆಮೇಲೆ ನೀರು. ಆ ಗಾಳಿಯ ಸಪ್ಪಳಕ್ಕೇ ಎದ್ದು ಕೂಡುವುದು ನಮ್ಮತ್ತಿಗೆ ಮೂವತ್ತು ವರ್ಷದ ರೂಢಿ. ನಾನು ಕೊಡ ತೊಳೆದು ಇಡುವಷ್ಟರಲ್ಲಿ ಬೆರಳಿನಷ್ಟಿದ್ದ ಧಾರೆ ದಾರದಷ್ಟಾಯಿತು. ಓಣಿಯ ಆ ತುದಿಯಿಂದ ಗರ್ರ್ ಅನ್ನುವ ಸದ್ದು. ನಳಕ್ಕೇ ನೇರ ಮೋಟರ್ ಹಚ್ಚಿದ್ದಾರೆ.

ಪೈಪು ಮೊದಲು ಮುಟ್ಟುವುದು ಅವರ ಮನೆ, ಕಡೆಗೆ ಮುಟ್ಟುವುದು ನಮ್ಮ ಮನೆ. ಅತ್ತಿ ಅಂಗಳಕ್ಕೆ ಹೋಗಿ ನಿಂತು ಒದರಿದರು: "ಏ, ಮಶಿನ್ ಬಂದ್ ಮಾಡ್ರೆಪಾ! ಕೆಳಗಿನ ಮನಿಯವರು ಮನುಷ್ಯಾರಲ್ಲೇನು?"

ಮೇಲಿನಿಂದ ಜವಾಬು ಬಂತು, ಸಾವಕಾಶವಾಗಿ: "ಯಮ್ಮಾ, ನಮ್ಮ ಬಾಗಲ ಮುಂದ ಬಂದ ನೀರು ನಾವು ತುಂಬ್ಕೊಳ್ಳಿಕತ್ತೀವಿ. ನಿಮ್ಮ ಮನಿ ಒಳಗ ಬಂದು ಒಯ್ದೇವೇನು?"

ಅತ್ತಿಗೆ ಸಿಟ್ಟು, ನನಗೆ ನಗು. ಯಾಕಂದರೆ ಈ ಜವಾಬನ್ನು ನಾನು ಓದಿದ್ದೆ. 1895ರಲ್ಲಿ ಅಮೆರಿಕದ ಅಟಾರ್ನಿ ಜನರಲ್ ಜಡ್ಸನ್ ಹಾರ್ಮನ್ ಕೊಟ್ಟ ಅಭಿಪ್ರಾಯ ಹೆಚ್ಚುಕಡಿಮೆ ಇದೇ. ರಿಯೊ ಗ್ರಾಂಡೆ ಹೊಳೆಯ ನೀರನ್ನು ಮೇಲಿನ ಅಮೆರಿಕದ ರೈತರು ಎತ್ತಿಕೊಂಡು ಕೆಳಗೆ ಮೆಕ್ಸಿಕೊದ ಹೊಲ ಒಣಗಿದವು. ಮೆಕ್ಸಿಕೊ ದೂರು ಕೊಟ್ಟಿತು. ನಮ್ಮ ನೆಲದ ಮೇಲೆ ಹರಿಯುವ ನೀರಿನ ಮೇಲೆ ನಮ್ಮದೇ ಸಂಪೂರ್ಣ ಅಧಿಕಾರ, ಕೆಳಗಿನವರಿಗೆ ಬಿಡಲೇಬೇಕು ಅನ್ನುವ ಕಾಯ್ದೆ ಯಾವುದೂ ಇಲ್ಲ ಅಂತ ಹಾರ್ಮನ್ ಹೇಳಿದ. ನಮ್ಮ ಓಣಿಯ ಮೇಲಿನ ಮನೆಯವರು ಅವನ ಹೆಸರು ಕೇಳಿರಲಿಕ್ಕಿಲ್ಲ. ಮೇಲೆ ಕುಂತವರಿಗೆ ಆ ವಾದ ತಾನೇ ತಾನಾಗಿ ಹೊಳೆಯುತ್ತದೆ. ಆದರೆ ಅದೇ ಅಮೆರಿಕ 1906ರಲ್ಲಿ ಮೆಕ್ಸಿಕೊ ಜೊತೆ ಕುಂತು, ವರ್ಷಕ್ಕೆ 60,000 ಎಕರೆ-ಅಡಿ (ಅಷ್ಟು ಎಕರೆ ಮೇಲೆ ಒಂದು ಅಡಿ ನಿಲ್ಲುವಷ್ಟು) ನೀರು ಕೊಡುವುದಾಗಿ ಸಹಿ ಹಾಕಿತು. ಭಾರಿ ಬರ ಬಿದ್ದರೆ ನಮ್ಮ ರೈತರಿಗೆ ಎಷ್ಟು ಪಾಲು ಕಡಿತವೋ ನಿಮಗೂ ಅಷ್ಟೇ ಪಾಲು ಕಡಿತ ಅಂತಲೂ ಬರೆದುಕೊಟ್ಟಿತು. ವಾದ ಬ್ಯಾರೆ, ನೆರೆಮನೆ ಬಾಳುವೆ ಬ್ಯಾರೆ.

ನಾನು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಹೇಳುವ ಅಕ್ಕೋರು. ಪ್ರತಿ ವರ್ಷ ಮಾರ್ಚ್ 22 ವಿಶ್ವ ಜಲ ದಿನ ಅಂತ ಮಕ್ಕಳಿಂದ ಚಾರ್ಟ್ ಬರೆಸುತ್ತೇವೆ. ಎಲ್ಲರೂ ಒಂದು ನಳ, ಅದರ ಬಾಯಲ್ಲಿ ಒಂದು ನೀಲಿ ಹನಿ ಬರೆದು ತರುತ್ತಾರೆ. ಒಬ್ಬ ಹುಡುಗ ಹನಿ ಬರೆಯದೆ, ನಳದ ಬಾಯಿಂದ ಗಾಳಿ ಬರೋ ಹಾಗೆ ಮೂರು ಗೆರೆ ಎಳೆದಿದ್ದ. ಮೊದಲ ಬಹುಮಾನ ಅವನಿಗೇ ಕೊಟ್ಟೆ. ಉಳಿದ ಅಕ್ಕೋರುಗಳಿಗೆ ಅದು ಸೇರಲಿಲ್ಲ, ಇರಲಿ.

ಈ ಶಹರದ ನೀರು ಬರುವುದು ಸರಡಗಿ ಹತ್ತಿರ ಭೀಮೆಯಿಂದ, ಮತ್ತೆ ಬೆಣ್ಣೆತೊರೆಯಿಂದ. ನನ್ನ ತವರು ಅಫಜಲಪುರ ತಾಲೂಕಿನಲ್ಲಿ, ಭೀಮೆಯ ದಂಡೆ ಮೇಲೆ. ಹಾಗಾಗಿ ಈ ಹೊಳೆಯ ಎರಡೂ ಮುಖ ನನಗೆ ಗೊತ್ತು. ಮೇ ತಿಂಗಳಲ್ಲಿ ನಮ್ಮೂರ ಹೊಳೆಯೊಳಗೆ ಹುಡುಗರು ಕ್ರಿಕೆಟ್ ಆಡುತ್ತಾರೆ. ವಿಕೆಟ್ ನೆಡುವಲ್ಲಿ ಮೊಣಕಾಲಷ್ಟು ಉಸುಕು ತೋಡಿದರೆ ಒಂಚೂರು ತೇವ. ದಂಡೆಯ ಪಂಪ್‌ಸೆಟ್‌ಗಳ ಕರೆಂಟ್ ಕತ್ತರಿಸುತ್ತಾರೆ, ಬ್ಯಾರೇಜಿನಲ್ಲಿ ಉಳಿದದ್ದು ಕುಡಿಯಲಿಕ್ಕೆ ಬೇಕು ಅಂತ. ಅದೇ ಹೊಳೆ 2020ರ ಅಕ್ಟೋಬರ್‌ನಲ್ಲಿ ನಮ್ಮ ಹನುಮಂತ ದೇವರ ಗುಡಿ ಕಟ್ಟೆ ಮುಳುಗಿಸಿ ತೊಗರಿ ಹೊಲಕ್ಕೆ ನುಗ್ಗಿತು. ಹೂ ಹಿಡಿಯುವ ತೊಗರಿ, ಮೂರು ದಿನ ನೀರಲ್ಲಿ ನಿಂತರೆ ಬೇರು ಕೊಳೆತು ಕಪ್ಪಾಗುತ್ತದೆ. ಮನೆಯೊಳಗೆ ಬಂದ ಕೆಸರು ತೆಗೆಯಲು ದೀಪಾವಳಿವರೆಗೆ ಹಿಡಿಯಿತು.

ಆ ಮಹಾಪೂರದ ಸುದ್ದಿ ನಮಗೆ ಮೊದಲು ಮುಟ್ಟಿದ್ದು ಹ್ಯಾಂಗ ಗೊತ್ತೇನು? ಹೊಳೆಯ ಮೇಲಿನ ಕಡೆ, ಪಂಢರಪುರದ ಹತ್ತಿರ ಇರುವ ನನ್ನ ಸೋದರಮಾವನ ಫೋನಿನಿಂದ. "ಅಕ್ಕಾ, ದನಾ ಬಿಚ್ಚಿ ಮ್ಯಾಲ ಒಯ್ರಿ, ನೀರು ಭಾಳ ಬರ್ಲಿಕತ್ತದ" ಅಂತ ಅವ್ವನಿಗೆ ಹೇಳಿದ. ಮೈಕು ಹಚ್ಚಿದ ಗಾಡಿ ಊರೊಳಗೆ ಬಂದದ್ದು ಆಮೇಲೆ. ನಮ್ಮ ನಾಲ್ಕು ಎಮ್ಮೆ ಉಳಿದದ್ದು ಮಾಮಾ ಅವ್ವನ ತಮ್ಮ ಆಗಿದ್ದಕ್ಕೆ. ಮೇಲೆ ತಮ್ಮ ಇಲ್ಲದವರು ಏನು ಮಾಡಬೇಕು?

ಇದೇ ಮಾಮಾ ಕಬ್ಬು ಬೆಳೆಯುವುದು ಉಜನಿ ಕಾಲುವೆಯ ನೀರಿನಲ್ಲಿ. ಮಹಾರಾಷ್ಟ್ರದಲ್ಲಿ ಭೀಮೆಗೆ ಅಡ್ಡ 1980ರಲ್ಲಿ ಕಟ್ಟಿ ಮುಗಿದ ಧರಣ, ಅಂದರೆ ಅಣೆಕಟ್ಟು, ಅದು. ಹೆಚ್ಚುಕಡಿಮೆ 117 ಟಿಎಂಸಿ (ಒಂದು ಟಿಎಂಸಿ ಅಂದರೆ ನೂರು ಕೋಟಿ ಘನ ಅಡಿ) ಹಿಡಿಯುತ್ತದೆ, ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಡೆಡ್ ಸ್ಟೋರೇಜ್, ಅಂದರೆ ಸಹಜವಾಗಿ ಹೊರಗೆ ಹರಿಯದೆ ತಳದಲ್ಲಿ ಉಳಿಯುವ ನೀರು. ಬೇಸಿಗೆಯಲ್ಲಿ "ಸ್ವಲ್ಪ ನೀರು ಬಿಡಿಸೋ ಮಾಮಾ" ಅಂತ ನಾನು ಚ್ಯಾಷ್ಟಿ ಮಾಡಿದರೆ ಅವನದು ಒಂದೇ ಉತ್ತರ: "ತಂಗೀ, ಧರಣ ಮೈನಸ್‌ದಾಗ ಅದ. ನಿನಗ ಎಲ್ಲಿಂದ ಬಿಡಲಿ?" ನಿಜವೇ. ಡೆಡ್ ಸ್ಟೋರೇಜಿಗೆ ಇಳಿದ ನೀರನ್ನು ಅಲ್ಲಿಯ ಪತ್ರಿಕೆಗಳು ಮೈನಸ್ ಲೆಕ್ಕದಲ್ಲೇ ಬರೆಯುತ್ತವೆ. ಸೋಲಾಪುರ ಶಹರಕ್ಕೆ ಕುಡಿಯಲು ಅಂತ ಹೊಳೆಗೆ ಬಿಟ್ಟ ನೀರು ಔಜ್ ಬಂಧಾರದಲ್ಲಿ ನಿಲ್ಲುತ್ತದೆ. ಅದರ ಕೆಳಗೆ ನಾವು: ಸೊನ್ನ, ಘತ್ತರಗಿ, ಗಾಣಗಾಪುರ, ಸನ್ನತಿ, ಯಾದಗಿರಿ. ಪ್ರತಿ ಬೇಸಿಗೆ ನಮ್ಮ ಸರ್ಕಾರ ಅವರ ಸರ್ಕಾರಕ್ಕೆ ಪತ್ರ ಬರೆಯುತ್ತದೆ, ದಯವಿಟ್ಟು ಭೀಮೆಗೆ ಒಂದಿಷ್ಟು ನೀರು ಬಿಡಿ ಅಂತ. ದಯವಿಟ್ಟು ಅನ್ನುವ ಶಬ್ದ ನೋಡ್ರಿ. ಹಕ್ಕು ಇದ್ದವರು ದಯವಿಟ್ಟು ಅನ್ನುವುದಿಲ್ಲ.

ಯಾಕೆ ಹೀಗೆ? ಕೃಷ್ಣಾ ನೀರು ಹಂಚಿದ ಬಚಾವತ್ ನ್ಯಾಯಮಂಡಳಿ 1973ರಲ್ಲಿ ವರದಿ ಕೊಟ್ಟು, 1976ರಲ್ಲಿ ತಿದ್ದಿ ಅಂತಿಮ ಮಾಡಿತು. 2060 ಟಿಎಂಸಿಯಲ್ಲಿ ಮಹಾರಾಷ್ಟ್ರಕ್ಕೆ 560, ಕರ್ನಾಟಕಕ್ಕೆ 700, ಆಂಧ್ರಕ್ಕೆ 800. ಈ ಮೂರು ಅಂಕಿ ನಮ್ಮ ಹತ್ತನೇ ತರಗತಿಯವರಿಗೂ ಬಾಯಿಪಾಠ. ಅದರೊಳಗೆ ಭೀಮೆಗೂ ಒಂದು ಲೆಕ್ಕ ಇದೆ: ಮುಖ್ಯ ಹೊಳೆಯಿಂದ ಮಹಾರಾಷ್ಟ್ರ ಒಂದು ಜಲವರ್ಷಕ್ಕೆ 95 ಟಿಎಂಸಿ ಮೀರಬಾರದು, ಕರ್ನಾಟಕ 15 ಮೀರಬಾರದು. ಜಲವರ್ಷ ಅಂದರೆ ಜೂನ್ 1ರಿಂದ ಮೇ 31. ಅಂದರೆ ಎಷ್ಟು ಬಳಸಬಾರದು ಅಂತ ಬರೆದಿದ್ದಾರೆ. ಯಾವ ತಿಂಗಳು ಕೆಳಗೆ ಎಷ್ಟು ಬರಬೇಕು ಅಂತ ಬರೆದಿಲ್ಲ. ಅಕ್ಟೋಬರ್‌ನಲ್ಲಿ ಮನೆ ಮುಳುಗಿಸಿದ ನೀರೂ ವರ್ಷದ ಲೆಕ್ಕದಲ್ಲಿ ನೀರೇ. ಹನ್ನೆರಡು ತಿಂಗಳ ಪಗಾರವನ್ನೆಲ್ಲ ಒಂದೇ ದಿನ ತಲೆ ಮೇಲೆ ಸುರಿದು, ವರ್ಷದ ಒಟ್ಟು ಸರಿ ಇದೆ ನೋಡ್ರಿ ಅಂದಂಗೆ.

ಈಗ ನನಗೆ ಬಹಳ ಸೇರುವ ಒಂದು ಕಾಗದದ ಮಾತು ಹೇಳುತ್ತೇನೆ. 1996ರ ಡಿಸೆಂಬರ್ 12, ದೆಹಲಿ. ಗಂಗಾ ನೀರಿನ ಒಪ್ಪಂದ. ಬಾಂಗ್ಲಾದೇಶದ ಪರ ಶೇಖ್ ಹಸೀನಾ, ಭಾರತದ ಪರ ನಮ್ಮ ಹಾಸನದ ದೇವೇಗೌಡರು ಸಹಿ ಹಾಕಿದರು. ಕಾವೇರಿಗಾಗಿ ಜೀವಮಾನವಿಡೀ ವಾದಿಸಿದ ಮನುಷ್ಯ, ಪ್ರಧಾನಿಯಾಗಿ ಆರು ತಿಂಗಳಿಗೆ ಇನ್ನೊಂದು ಹೊಳೆಯ ಜಗಳಕ್ಕೆ ಪಾಳಿ ಹಚ್ಚಿದರು. ಕರ್ನಾಟಕದಲ್ಲಿ ಇದನ್ನು ನೆನೆಯುವವರು ಕಡಿಮೆ. ನಮಗೆ ಅವರ ಮುದ್ದೆಯ ಸುದ್ದಿ ಹೆಚ್ಚು ನೆನಪು.

ಬಾಂಗ್ಲಾ ಗಡಿ ಹತ್ತಿರ ಗಂಗೆಗೆ ಭಾರತ ಕಟ್ಟಿದ ಫರಕ್ಕಾ ಬ್ಯಾರೇಜ್ 1975ರಲ್ಲಿ ಚಾಲೂ ಆದಾಗಿನಿಂದ ಆ ಜಗಳ ಇತ್ತು. ಒಪ್ಪಂದ ವರ್ಷದ ಲೆಕ್ಕಕ್ಕೆ ಹೋಗಲೇ ಇಲ್ಲ. ಮಳೆಗಾಲದಲ್ಲಿ ಹಂಚಲಿಕ್ಕೆ ಏನದ? ಜನವರಿ 1ರಿಂದ ಮೇ 31ರವರೆಗೆ, ಬರೀ ಒಣ ತಿಂಗಳುಗಳ ಮೇಲೆ ಕೈ ಇಟ್ಟಿತು. ಆ ಐದು ತಿಂಗಳನ್ನು ಹತ್ತತ್ತು ದಿನದ ತುಂಡು ಮಾಡಿತು. ಅಳತೆ ಕ್ಯೂಸೆಕ್ ಲೆಕ್ಕದಲ್ಲಿ, ಅಂದರೆ ಸೆಕೆಂಡಿಗೆ ಎಷ್ಟು ಘನ ಅಡಿ ನೀರು ಅಂತ. ಫರಕ್ಕಾದಲ್ಲಿ 70,000 ಕ್ಯೂಸೆಕ್‌ಗಿಂತ ಕಡಿಮೆ ಇದ್ದರೆ ಅರ್ಧ ಅರ್ಧ. 75,000ದವರೆಗೆ ಇದ್ದರೆ ಬಾಂಗ್ಲಾಕ್ಕೆ 35,000, ಉಳಿದದ್ದು ಭಾರತಕ್ಕೆ. ಅದಕ್ಕೂ ಹೆಚ್ಚಿದ್ದರೆ ಭಾರತಕ್ಕೆ 40,000, ಉಳಿದದ್ದು ಅವರಿಗೆ. ಇನ್ನು ಹೊಳೆ ಬಹಳ ಬಡಕಲಾಗುವ ಮಾರ್ಚ್ 11ರಿಂದ ಮೇ 10ರ ನಡುವೆ, ಒಂದು ಹತ್ತು ದಿನ ಅವರಿಗೆ 35,000 ಖಾತ್ರಿ, ಮುಂದಿನ ಹತ್ತು ದಿನ ನಮಗೆ 35,000 ಖಾತ್ರಿ. ಹೀಗೆ ಇಬ್ಬರಿಗೂ ಮೂರು ಮೂರು ಸರತಿ.

ಇದು ನಮ್ಮ ನಳದ ಪಾಳಿಯೇ ಅಲ್ಲೇನ್ರಿ! ಇವತ್ತು ನಿನ್ನ ಕೊಡ, ನಾಳೆ ನನ್ನ ಕೊಡ. ಎರಡು ದೇಶದ ಪ್ರಧಾನಿಗಳು ಸಹಿ ಹಾಕಿದ ಕಾಗದದಲ್ಲಿ ನಮ್ಮವ್ವ ಬಾವಿಕಟ್ಟೆ ಮೇಲೆ ನಡೆಸುತ್ತಿದ್ದ ನ್ಯಾಯ.

ಇನ್ನೂ ಒಂದು ಸಂಗತಿ. ಫರಕ್ಕಾದಲ್ಲೂ ಕೆಳಗೆ ಬಾಂಗ್ಲಾದ ಹಾರ್ಡಿಂಜ್ ಸೇತುವೆಯಲ್ಲೂ ಎರಡೂ ದೇಶದ ತಂಡ ಕೂಡಿಯೇ ನೀರು ಅಳೆಯುತ್ತದೆ. ಪಾಳಿ ನಡೆಯಬೇಕಾದರೆ ಕೊಡ ಎಷ್ಟು ತುಂಬಿತು ಅಂತ ಇಬ್ಬರಿಗೂ ಕಾಣಬೇಕು. ನಾನೇ ಅಳೆದು ನಿನಗೆ ಹೇಳುತ್ತೇನೆ ಅಂದರೆ ಅದು ಪಾಳಿ ಅಲ್ಲ, ಭಿಕ್ಷೆ.

ಒಪ್ಪಂದಕ್ಕೆ ಕೊರತೆ ಇಲ್ಲವೆಂದಲ್ಲ. ಫರಕ್ಕಾದಲ್ಲಿ ನೀರು 50,000 ಕ್ಯೂಸೆಕ್‌ಗಿಂತ ಕೆಳಗಿಳಿದರೆ ಎರಡೂ ಸರ್ಕಾರ ತಕ್ಷಣ ಕುಂತು ಮಾತಾಡಬೇಕು ಅಂತಷ್ಟೇ ಇದೆ. ಮಾತಾಡಿ ಏನು ಮಾಡಬೇಕು ಅಂತ ಇಲ್ಲ. ಅದರ ಮೇಲಿನ ಬಿಹಾರ, ಉತ್ತರ ಪ್ರದೇಶದಲ್ಲಿ ಎಷ್ಟು ಎತ್ತುತ್ತಾರೆ ಅನ್ನುವುದಕ್ಕೆ ಹಿಡಿತ ಇಲ್ಲ. ಕೆಳಗೆ ಬಾಂಗ್ಲಾದವರ ದೂರು ನಿಂತಿಲ್ಲ. ಮೂವತ್ತು ವರ್ಷದ ಅವಧಿ ಅದರದು, 2026ರ ಡಿಸೆಂಬರ್‌ವರೆಗೆ. ಹೊಸ ಕಾಗದ ಬರೆಯುವವರು ಹತ್ತು ದಿನದ ಪಾಳಿ ಮಾತ್ರ ಕೈಬಿಡಬಾರದು ಅಂತ ಕಲಬುರಗಿಯ ಈ ಅಕ್ಕೋರ ಅಭಿಪ್ರಾಯ.

ಸಿಂಧೂ ಒಪ್ಪಂದವನ್ನು ಎಲ್ಲರೂ ದೊಡ್ಡದಾಗಿ ಹೊಗಳುತ್ತಾರೆ. ನನಗೆ ಅದು ಹಂಚಿಕೆ ಅನ್ನಿಸಿಲ್ಲ, ಪಾಲುಪಟ್ಟಿ ಅನ್ನಿಸಿದೆ. 1960ರಲ್ಲಿ ವಿಶ್ವ ಬ್ಯಾಂಕ್ ನಡುವೆ ಕುಂತು, ರಾವಿ, ಬಿಯಾಸ್, ಸಟ್ಲೆಜ್ ನಿಮಗೆ, ಸಿಂಧೂ, ಝೀಲಂ, ಚಿನಾಬ್ ಅವರಿಗೆ ಅಂತ ಹೊಳೆಗಳನ್ನೇ ಎತ್ತಿ ಕೊಟ್ಟಿತು. ಒಂದು ಮನೆಯ ನಡುವೆ ಗೋಡೆ ಹಾಕಿದಂತೆ. ಗೋಡೆ ಗಟ್ಟಿಯಾಗಿತ್ತು, 1965, 1971, 1999ರ ಯುದ್ಧಗಳನ್ನೂ ತಾಳಿಕೊಂಡು ನಿಂತಿತು. ಪಹಲ್ಗಾಮ್ ದಾಳಿ ಆದ ಮೇಲೆ 2025ರ ಏಪ್ರಿಲ್‌ನಲ್ಲಿ ಭಾರತ ಅದನ್ನು ತಡೆಹಿಡಿಯಿತು. ಅದರ ರಾಜಕೀಯ ನನಗೆ ಬೇಡ. ಗೋಡೆ ಹಾಕಿಕೊಂಡು ಬಾಳಿದವರು ಒಂದೇ ಕೊಡ ಹಿಡಿದು ಪಾಳಿ ನಿಂತವರಲ್ಲ, ಅದಷ್ಟೇ ನನ್ನ ಮಾತು. ಪಶ್ಚಿಮ ಆಫ್ರಿಕಾದ ಸೆನೆಗಲ್ ಹೊಳೆಯವರು ಇದರ ಉಲ್ಟಾ ಮಾಡಿದರು. 1972ರಲ್ಲಿ ಮಾಲಿ, ಮಾರಿಟೇನಿಯಾ, ಸೆನೆಗಲ್ ಕೂಡಿ ಒಂದು ಸಂಸ್ಥೆ ಕಟ್ಟಿದವು. ಮನಂತಾಲಿ ಅಣೆಕಟ್ಟು ಇರುವುದು ಮಾಲಿಯ ನೆಲದಲ್ಲಿ, ಮಾಲೀಕತ್ವ ಮೂವರದು. ಉಜನಿಯ ಕೀಲಿಕೈಯಲ್ಲಿ ಕಲಬುರಗಿಗೂ ಒಂದು ಪಾಲು ಅಂತ ಯಾರಾದರೂ ಅಂದರೆ ನನ್ನ ಮಾಮಾ ಎದೆ ಹಿಡಿದುಕೊಂಡಾನು.

ಇಲ್ಲಿವರೆಗೆ ಓದಿ ತಲೆ ಆಡಿಸಿದವರು ಇನ್ನು ಮುಂದೆ ಬಯ್ಯಬಹುದು.

ಭೀಮೆಯಲ್ಲಿ ನಾವು ಬಾಂಗ್ಲಾದೇಶ, ಸರಿ. ಕಾವೇರಿಯಲ್ಲಿ ನಾವು ಯಾರು? 2007ರ ಕಾವೇರಿ ತೀರ್ಪಿನಲ್ಲಿ ತಿಂಗಳು ತಿಂಗಳು ಇಷ್ಟಿಷ್ಟು ನೀರು ಕೆಳಗೆ ಹೋಗಬೇಕು ಅಂತ ಪಟ್ಟಿ ಇದೆ. 2018ರಲ್ಲಿ ಸುಪ್ರೀಂ ಕೋರ್ಟು ಒಟ್ಟು ಮೊತ್ತವನ್ನು 177.25 ಟಿಎಂಸಿಗೆ ಇಳಿಸಿತು. ನೀರು ಗಡಿ ದಾಟುವ ಬಿಳಿಗುಂಡ್ಲುವಿನಲ್ಲಿ ಅಳೆಯುತ್ತಾರೆ. ಅಂದರೆ ಭೀಮೆಯಲ್ಲಿ ನಮಗೆ ಬೇಕಾದದ್ದೆಲ್ಲ ಅಲ್ಲಿದೆ: ತಿಂಗಳ ಲೆಕ್ಕ, ಗಡಿಯಲ್ಲಿ ಮಾಪನ, ಮೇಲೊಂದು ಪ್ರಾಧಿಕಾರ. ಅದನ್ನು ಕಂಡರೆ ನಮಗೇ ಆಗುವುದಿಲ್ಲ. ಮಳೆ ಕೈಕೊಟ್ಟ ವರ್ಷ ತಿಂಗಳ ಲೆಕ್ಕ ಹ್ಯಾಂಗ ಕೊಡೋದು ಅಂತ ಬೆಂಗಳೂರು, ಮಂಡ್ಯದಲ್ಲಿ ಕೇಳುತ್ತೇವೆ. ಕೇಳುವುದು ಸುಳ್ಳಲ್ಲ, ಸಂಕಷ್ಟದ ವರ್ಷಕ್ಕೊಂದು ಸೂತ್ರ ಬೇಕೇ ಬೇಕು. ಆದರೆ ಅದೇ ಬಾಯಿಂದ ಭೀಮೆಗೆ ಬೇಸಿಗೆಯ ಪಾಲು ಕೇಳುವಾಗ ಸ್ವಲ್ಪ ನಾಚಿಕೆ ಇರಲಿ. ಒಂದು ರಾಜ್ಯ, ಎರಡು ಹೊಳೆ, ಎರಡು ನಾಲಿಗೆ.

ದೂರ ಯಾಕೆ ಹೋಗಬೇಕು? ನಮ್ಮಕ್ಕನನ್ನು ಕೊಟ್ಟದ್ದು ಯಾದಗಿರಿ ಜಿಲ್ಲೆಗೆ, ನಾರಾಯಣಪುರ ಎಡದಂಡೆ ಕಾಲುವೆಯ ಕಡೆಯ ಭಾಗಕ್ಕೆ. ಬಸವಸಾಗರ ಜಲಾಶಯದಲ್ಲಿ ನೀರು ಇರುತ್ತದೆ, ಕಾಲುವೆಗೂ ಬಿಟ್ಟಿರುತ್ತಾರೆ, ಅಕ್ಕನ ಹತ್ತಿ ಹೊಲಕ್ಕೆ ಮಾತ್ರ ಬರುವುದಿಲ್ಲ. ಆ ಕಾಲುವೆ ಮಾಡಿದ್ದೇ ಹತ್ತಿ, ಜೋಳ, ತೊಗರಿಯಂಥ ಕಡಿಮೆ ನೀರಿನ ಬೆಳೆಗೆ ಅಂತ. ಮೇಲಿನವರು ಭತ್ತ ಹಚ್ಚಿದ್ದಾರೆ. ಚಾಲು-ಬಂದ್ ಪದ್ಧತಿ ಅಂತ ಹೆಸರಿಗೆ ಪಾಳಿ ಇದೆ. ನಮ್ಮ ಭಾವ ರಾತ್ರಿ ಬ್ಯಾಟರಿ ಹಿಡಿದು ಕಾಲುವೆ ಗುಂಟ ನಡೆದುಕೊಂಡು ಹೋಗಿ ಎಲ್ಲಿ ಪೈಪ್ ಹಾಕಿದ್ದಾರೆ ನೋಡಿ ಬರುತ್ತಾರೆ. ಬಂದು ಚಪ್ಪಲಿ ಬಿಚ್ಚಿ ಕಟ್ಟೆ ಮೇಲೆ ಕುಂತು, "ಎಲ್ಲಾ ನಮ್ಮ ಪೈಕಿ ಮಂದೀನೇ ಇದಾರ, ಯಾರಿಗಿ ಏನಂತ ಬಯ್ಯಲಿ" ಅನ್ನುತ್ತಾರೆ. ಅಲ್ಲಿ ಮರಾಠಿ ಇಲ್ಲ, ತಮಿಳು ಇಲ್ಲ. ಮೇಲಿನವರೂ ಕನ್ನಡದಲ್ಲೇ ನೀರು ಎತ್ತುತ್ತಾರೆ.

ಇನ್ನು ವಿಶ್ವಸಂಸ್ಥೆ. ಗಡಿ ದಾಟುವ ಹೊಳೆಗಳ ಮೇಲೆ 1997ರಲ್ಲಿ ಒಂದು ನಿಯಮಾವಳಿ ಮಾಡಿತು. ನ್ಯಾಯವಾದ, ಸಮಂಜಸವಾದ ಬಳಕೆ, ನೆರೆಯವರಿಗೆ ದೊಡ್ಡ ಹಾನಿ ಮಾಡಬಾರದು, ನೀರಿನ ಮಾಹಿತಿ ನಿಯಮಿತವಾಗಿ ಕೊಟ್ಟು ತೆಗೆದುಕೊಳ್ಳಬೇಕು. 103 ದೇಶ ಹೂಂ ಅಂದವು. ಚೀನಾ, ಟರ್ಕಿ, ಬುರುಂಡಿ ಊಹೂಂ ಅಂದವು, ಮೂರೂ ದೊಡ್ಡ ಹೊಳೆಗಳ ಮೇಲಿನ ಕಡೆ ಕುಂತವು. ಭಾರತ ಮತ ಹಾಕದೆ ಸುಮ್ಮನಾಯಿತು. ಜಾರಿಗೆ ಬರಲು 2014ರ ಆಗಸ್ಟ್ ಆಯಿತು. ನ್ಯಾಯ, ಸಮಂಜಸ ಅನ್ನುವ ಶಬ್ದಗಳ ಮೇಲೆ ವಕೀಲರು ನೂರು ವರ್ಷ ಊಟ ಮಾಡಬಹುದು. ನನ್ನ ಕಣ್ಣಿಗೆ ಅದರಲ್ಲಿ ಬೆಲೆಯುಳ್ಳದ್ದು ಮೂರನೆಯದೇ, ಮಾಹಿತಿ. ಬ್ರಹ್ಮಪುತ್ರದ ಮಳೆಗಾಲದ ನೀರಿನ ಮಟ್ಟವನ್ನು ಚೀನಾ ನಮಗೆ ತಿಳಿಸುವ ಒಪ್ಪಂದ 2002ರಿಂದ ಇತ್ತು. ಡೋಕ್ಲಾಂ ಗಡಿ ಜಗಳದ 2017ರಲ್ಲಿ ಆ ಅಂಕಿ ಬರಲಿಲ್ಲ. ಅಸ್ಸಾಮಿನ ಹೊಳೆದಂಡೆಯವಳಿಗೆ ಮೇಲೆ ಯಾವ ತಮ್ಮ ಇದ್ದಾನೆ ಫೋನ್ ಮಾಡಲಿಕ್ಕೆ?

ಹೋದ ವರ್ಷ ಮಕ್ಕಳನ್ನು ಬೀದರಿಗೆ ಕರೆದುಕೊಂಡು ಹೋಗಿದ್ದೆ. ಕೋಟೆ, ಗವಾನನ ಮದರಸಾ ಎಲ್ಲ ಆದ ಮೇಲೆ ನೌಬಾದಿನ ಕರೇಜ್ ನೋಡಿದೆವು. ಬಹಮನಿ ಕಾಲದಲ್ಲಿ, ಹದಿನೈದನೇ ಶತಮಾನದಲ್ಲಿ, ಪರ್ಷಿಯಾದ ವಿದ್ಯೆ ತಂದು ಕೆಂಪು ಜಂಬಿಟ್ಟಿಗೆ ಕಲ್ಲಿನೊಳಗೆ ಎರಡು ಕಿಲೋಮೀಟರ್‌ಗೂ ಉದ್ದ ಸುರಂಗ ಕೊರೆದಿದ್ದಾರೆ. ನಡುನಡುವೆ ಗಾಳಿಗೆ, ಬೆಳಕಿಗೆ, ಮಣ್ಣು ಎತ್ತಲು ಬಾವಿ. ಬಿಸಿಲಿಗೆ ಹೆದರಿ ನೆಲದೊಳಗೆ ಇಳಿದ ಹೊಳೆ ಅದು. ಅಂತಾರಾಷ್ಟ್ರೀಯ ಸಹಕಾರ ಅಂದರೆ ಏನ್ರೀ ಅಕ್ಕೋರ ಅಂತ ಒಬ್ಬಳು ಕೇಳಿದಳು. ಇದರೊಳಗ ಬಗ್ಗಿ ನೋಡು ಅಂದೆ. ಬಗ್ಗಿ ನೋಡಿ ಬಾವಲಿ ಕಂಡು ಚೀರಿದಳು, ಪಾಠ ಅಲ್ಲಿಗೇ ಮುಗೀತು.

ಈ ಕರೇಜಿನ ತವರುಮನೆ ಇರಾನಿನ ಹಳ್ಳಿಗಳಲ್ಲಿ ನೀರನ್ನು ಹಂಚುತ್ತಿದ್ದದ್ದು ಹೊತ್ತಿನ ಲೆಕ್ಕದಲ್ಲಿ. ತಳದಲ್ಲಿ ಸಣ್ಣ ತೂತು ಇರುವ ತಾಮ್ರದ ಬಟ್ಟಲನ್ನು ದೊಡ್ಡ ಪಾತ್ರೆಯ ನೀರಿನ ಮೇಲೆ ಬಿಡುತ್ತಾರೆ. ಅದು ನಿಧಾನಕ್ಕೆ ತುಂಬಿ ಮುಳುಗಿದರೆ ಒಂದು ಪಾಲು. ನಮ್ಮ ಕಡೆ ಮದುವೆ ಮುಹೂರ್ತಕ್ಕೆ ಇಡುತ್ತಿದ್ದ ಗಳಿಗೆ ಬಟ್ಟಲಿನ ಹಾಗೇ. ಒಬ್ಬನಿಗೆ ಇಷ್ಟು ಬಟ್ಟಲು, ಇನ್ನೊಬ್ಬನಿಗೆ ಇಷ್ಟು. ಬರಗಾಲದಲ್ಲಿ ಧಾರೆ ಸಣ್ಣಗಾದರೆ ಎಲ್ಲರಿಗೂ ಸಣ್ಣಗೇ, ಹೊತ್ತು ಮಾತ್ರ ಬದಲಾಗುವುದಿಲ್ಲ. ಬಟ್ಟಲು ಮುಳುಗುವುದನ್ನು ಯಾರು ಬೇಕಾದರೂ ಪಕ್ಕದಲ್ಲಿ ಕುಂತು ನೋಡಬಹುದು. ಬಚಾವತ್ ತೀರ್ಪಿಗೂ ದೇವೇಗೌಡರ ಕಾಗದಕ್ಕೂ ಇರುವ ಫರಕು ಇದೇ ಅಂತ ನನಗೆ ಹೊಳೆದದ್ದು ಅಲ್ಲಿ, ಕರೇಜಿನ ಬಾಯಲ್ಲಿ. ಮೊದಲನೆಯದು ಕಣಜ ಅಳೆದು ಪಾಲು ಹೇಳಿತು. ಎರಡನೆಯದು ಬಟ್ಟಲು ಇಟ್ಟಿತು.

ಬೀದರಿನವರಿಗೆ ಮಾಂಜ್ರಾ ಇದೆ. ಅದೂ ಮಹಾರಾಷ್ಟ್ರದಿಂದ ಬಂದು, ನಮ್ಮಲ್ಲಿ ಹಾದು, ತೆಲಂಗಾಣದ ಸಿಂಗೂರಿಗೆ ಹೋಗುತ್ತದೆ. 2016ರಲ್ಲಿ ಅದರ ಮೇಲಿನ ಲಾತೂರಿಗೇ ಮಿರಜ್‌ನಿಂದ ರೈಲಿನಲ್ಲಿ ಕುಡಿಯುವ ನೀರು ತಂದಿದ್ದರು. ಮೇಲೆ ಇದ್ದವರೆಲ್ಲ ತುಂಬಿ ತುಳುಕುತ್ತಾರೆ ಅಂತ ನಾವು ಅಂದುಕೊಳ್ಳುವುದೂ ತಪ್ಪು. ಮಾಮಾನ ಮೈನಸ್ ಧರಣ ಬರೀ ನೆಪ ಅಲ್ಲ.

ಹಾಗಾಗಿ ನಮ್ಮ ಭಾಗದ ಜನಪ್ರತಿನಿಧಿಗಳಿಗೆ, ಯಾವ ಪಕ್ಷದವರಾದರೂ ಸರಿ, ನನ್ನ ಬೇಡಿಕೆ ಇಷ್ಟು. ಇನ್ನೊಂದು ಟಿಎಂಸಿ ಬಿಡಿ ಅಂತ ಪತ್ರ ಬರೆಯುವುದು ಸಾಕು. ಭೀಮೆ ನಮ್ಮ ಗಡಿ ಮುಟ್ಟುವಲ್ಲಿ ಎರಡೂ ರಾಜ್ಯದವರು ಕೂಡಿ ಅಳೆಯುವ ಒಂದು ಮಾಪನ ಕೇಂದ್ರ ಕೇಳಿ. ಅದರ ಅಂಕಿ ಪ್ರತಿದಿನ ನಮ್ಮ ಮೊಬೈಲಿಗೆ ಬರಲಿ, ಮೇ ತಿಂಗಳಲ್ಲೂ, ಅಕ್ಟೋಬರ್‌ನಲ್ಲೂ. ಫೆಬ್ರವರಿಯಿಂದ ಮೇವರೆಗೆ ಹತ್ತು ದಿನದ ಪಾಳಿ ಕೇಳಿ. ನೀರು ಕಡಿಮೆಯಾದ ವರ್ಷ ನಮ್ಮ ಪಾಲೂ ಅದೇ ಪ್ರಮಾಣದಲ್ಲಿ ಕಡಿಮೆ ಮಾಡಿ ಅಂತ ನಾವೇ ಮೊದಲು ಬರೆದುಕೊಡೋಣ. ಮತ್ತೆ ಅದೇ ಕಾಗದದ ಒಂದು ಪ್ರತಿಯನ್ನು ನಾರಾಯಣಪುರ ಕಾಲುವೆಯ ಮೇಲಿನವರಿಗೂ ಕಳಿಸಿ.

ಓಣಿಯ ಸುದ್ದಿ ಏನಾಯಿತು ಅಂತ ಕೇಳುತ್ತೀರಿ. ಮರುದಿನ ಮುಂಜಾನೆ ನಾನೇ ಒಂದು ನೂರು ಪುಟದ ನೋಟ್‌ಬುಕ್ ಹಿಡಿದು ಮನೆಮನೆಗೆ ಹೋದೆ. ಒಂದು ಸಲ ನೀರು ಬಂದರೆ ಮೊದಲ ಅರ್ಧ ತಾಸು ಕೆಳಗಿನ ಆರು ಮನೆ, ಆ ಹೊತ್ತಿನಲ್ಲಿ ಮೇಲೆ ಯಾರೂ ಮೋಟರ್ ಹಚ್ಚಬಾರದು. ಮುಂದಿನ ಸಲ ಉಲ್ಟಾ. ಮೇಲಿನ ಮನೆಯವರು ಚಹಾ ಕುಡಿಸಿ, ಎಲ್ಲ ಕೇಳಿಸಿಕೊಂಡು, "ಅಕ್ಕೋರ, ನೀವು ಹಿಂದಿನ ಓಣ್ಯಾಗ ಬಾಡಿಗಿ ಇದ್ದಾಗ ನಿಮ್ಮನ್ಯಾಗೂ ಮಶಿನ್ ಇತ್ತಂತಲ್ಲ?" ಅಂದರು.

ಇತ್ತು. ಆಗ ಪೈಪು ಮೊದಲು ಮುಟ್ಟುವುದು ನಮ್ಮ ಮನೆಯಾಗಿತ್ತು.

ಸಹಿ ಹಾಕಿದರು, ನಕ್ಕೋತ. ಮನೆಗೆ ಬಂದು ಅಟ್ಟದ ಮೇಲಿನ ಆ ಹಳೇ ಮೋಟರ್ ಇಳಿಸಿ ಗುಜರಿಗೆ ಹಾಕೋಣ ಅಂದೆ. ಅತ್ತಿ ಕೊಡಲಿಕ್ಕೆ ಒಪ್ಪಲಿಲ್ಲ. "ಇರ್ಲಿ ಬಿಡು, ಬಟ್ಟಿ ಸುತ್ತಿ ಇಡು. ಮುಂದ ಹ್ಯಾಂಗೋ ಏನೋ" ಅಂದರು. ಸುತ್ತಿ ಇಟ್ಟಿದ್ದೇನೆ.